ಕ್ಯಾಮೆರಾಕ್ಕಿಂತ ಮೊದಲು ಸಾಣಿಗೆ

ಫೆಬ್ರವರಿಯ ಒಂದು ರಾತ್ರಿ, ಎರಡೂಮುಕ್ಕಾಲರ ಸುಮಾರಿಗೆ, ಧಾರವಾಡದ ಮಾಳಮಡ್ಡಿಯ ನಮ್ಮ ಹಿತ್ತಲ ಗೋಡೆ ಮೇಲೆ ಒಂದು ಪುನುಗು ಬೆಕ್ಕು ನಡೆದುಹೋಯಿತು. ಮುಖಕ್ಕೆ ಕಪ್ಪು ಮುಸುಕು, ಮೈಯಷ್ಟೇ ಉದ್ದದ ಬಾಲ, ಬಾಯಲ್ಲಿ ನಮ್ಮದೇ ಗಿಡದ ಚಿಕ್ಕು. ಫೋಟೊ ಸ್ಪಷ್ಟವಾಗಿದೆ. ಎರಡು ವರ್ಷ ನನ್ನನ್ನು ನೋಡಿ ನಕ್ಕವರಿಗೆಲ್ಲ ಕಳಿಸಿಯೂ ಆಯಿತು. ಇಷ್ಟು ಜಂಬ ಸಾಕು. ಹೇಗಾಯಿತು ಅಂತ ಹೇಳುತ್ತೇನೆ.

ಶುರು ಮಾಡಿದ್ದೇ ತಪ್ಪು. ಮೊದಲು ಕ್ಯಾಮೆರಾ ತಗೊಂಡೆ, ಪ್ರಾಣಿ ಹಾದುಹೋದರೆ ತಾನೇ ಫೋಟೊ ತೆಗೆಯುವಂಥದ್ದು. ಒಂಬತ್ತು ಸಾವಿರದ ಹತ್ತಿರ ಬಿತ್ತು. ಪೇರಲ ಗಿಡಕ್ಕೆ ಎದೆಯೆತ್ತರಕ್ಕೆ ಕಟ್ಟಿದೆ. ಹದಿನೈದು ದಿನಕ್ಕೆ ಮೂರು ಸಾವಿರ ಚಿಲ್ಲರೆ ಫೋಟೊ. ಮುಕ್ಕಾಲು ಪಾಲು ದಾಸವಾಳದ ಎಲೆ. ಉಳಿದದ್ದು ನಮ್ಮ ಓಣಿಯ ಬೆಕ್ಕುಗಳು, ಮತ್ತೆ ಬನಿಯನ್ ಹಾಕಿಕೊಂಡು ಕಾರ್ಡ್ ತೆಗೆಯಲು ಬಂದ ನಾನು. ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲುಗಿದರೆ ಸಾಕು, ಸೆನ್ಸಾರ್ ಅದನ್ನೂ ಪ್ರಾಣಿ ಅಂದುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಇದರ ಉಲ್ಟಾ. ಗೋಡೆಯೇ ಪ್ರಾಣಿಯ ಮೈಯಷ್ಟು ಬಿಸಿ ಇರುವಾಗ, ಮುಂದೆಯೇ ಹಾದುಹೋದರೂ ಅದಕ್ಕೆ ಗೊತ್ತಾಗುವುದಿಲ್ಲ. ಎಂಟು ಸೆಲ್ ಹನ್ನೆರಡು ದಿನಕ್ಕೆ ಖಾಲಿ. ಸೆಲ್ಲಿಗೇ ಒಂದೂವರೆ ಸಾವಿರ ಕಳೆದಿರಬೇಕು. ಜೂನ್‌ನಲ್ಲಿ ನಮ್ಮೂರ ಜಿಟಿಜಿಟಿ ಮಳೆ ಹಿಡಿಯಿತು, ಲೆನ್ಸಿಗೆ ಮಂಜು ಕಟ್ಟಿತು, ಸೆಲ್ ಡಬ್ಬಿಯೊಳಗೆ ಇರುವೆ ತತ್ತಿ ಇಟ್ಟವು. ಪಕ್ಕದ ಮನೆ ಕಾಕಾ ಗೋಡೆ ಆಚೆಯಿಂದಲೇ ಕೇಳಿದರು: "ಅಲ್ಲೋ ತಮ್ಮಾ, ಬೆಕ್ಕು ನೋಡಾಕ ಒಂಬತ್ತು ಸಾವಿರ ಸುರದಿ ಏನ?"

ದಾರಿ ತೋರಿಸಿದ್ದು ನಮ್ಮ ಅವ್ವನ ರಂಗೋಲಿ. ಒಂದು ನಸುಕಿನಲ್ಲಿ ತುಳಸಿಕಟ್ಟೆ ಮುಂದೆ ಹಿಂದಿನ ದಿನದ ರಂಗೋಲಿ ಮೇಲೆ ಒಂದು ಹೆಜ್ಜೆ ಮೂಡಿತ್ತು. ಅವ್ವ ಬೆಕ್ಕಿಗೆ ಬೈಯುತ್ತ ಕಸಬರಿಗೆ ಎತ್ತಿದ್ದಳು. ನಾನು ತಡೆದು ಕೂತು ಎಣಿಸಿದೆ. ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳು, ಉಗುರು ಕಾಣುವುದಿಲ್ಲ. ಇಲ್ಲಿ ಐದಿದ್ದವು, ಪುನುಗಿಗೆ ಇರುವಷ್ಟು. ದುಂಡಗೆ, ಹೂವಿನ ಎಸಳಿನ ಹಾಗೆ.

ಆವತ್ತೇ ಕ್ಯಾಮೆರಾ ಬಿಚ್ಚಿ ಕಪಾಟಿನಲ್ಲಿಟ್ಟೆ. ಮೊದಲು ಹೆಜ್ಜೆ ಹಿಡಿಯಬೇಕು, ಆಮೇಲೆ ಫೋಟೊ.

ಅಕ್ಕಿ ಹಿಟ್ಟು ಹರಡಿದೆ. ರಾತ್ರಿ ಬೆಳಗಾಗುವುದರೊಳಗೆ ಇರುವೆ ಸಾಲುಗಟ್ಟಿ ಹೊತ್ತುಕೊಂಡು ಹೋದವು. ರಂಗೋಲಿ ಪುಡಿ ಇಬ್ಬನಿಗೆ ಗಟ್ಟಿಯಾಯಿತು. ಮಸಾರಿ ಮಣ್ಣು, ಅಂದರೆ ನಮ್ಮ ಕಡೆಯ ಕೆಂಪು ಮಣ್ಣು, ಸೋಸಿ ಮೂರು ಇಂಚು ದಪ್ಪ ಹಾಸಿದೆ. ಇದು ಎಲ್ಲಕ್ಕಿಂತ ದೊಡ್ಡ ಫಜೀತಿ. ಓಣಿಯ ಬೆಕ್ಕುಗಳಿಗೆ ಅಷ್ಟು ಚಂದದ ಪಾಯಖಾನೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ! ವಾರವಿಡೀ ಅದನ್ನು ಬಳಿದದ್ದು ನಾನೇ.

ಕೊನೆಗೆ ಕೂಡಿ ಬಂದದ್ದು ಹೀಗೆ. ಕಡಪಾ ಕಲ್ಲಿನ ತುಂಡು, ಅದರ ಮೇಲೆ ಕಾಲು ಇಂಚಿಗಿಂತ ಜಾಸ್ತಿ ಇಲ್ಲದ ಹಾಗೆ ಪುಡಿ. ಕೆದರಲು ಆಳ ಸಿಗದಿದ್ದರೆ ಬೆಕ್ಕು ಕೂರುವುದಿಲ್ಲ, ಹೆಜ್ಜೆಯೂ ಚೊಕ್ಕ ಮೂಡುತ್ತದೆ. ಹಿಟ್ಟಿನ ಸಾಣಿಗೆಯಲ್ಲಿ ಎರಡು ಸಲ ಸೋಸಿದ ಮಸಾರಿ ಮಣ್ಣು ಎರಡು ಪಾಲು, ಒಲೆ ಬೂದಿ ಒಂದು ಪಾಲು. ಇನ್ನೊಂದು ವಸ್ತು ಒಂದು ಚಿಟಿಕೆ ಹಾಕುತ್ತೇನೆ, ಅದು ಮಾತ್ರ ನನ್ನಲ್ಲೇ ಇರಲಿ. ಎರೆ (ಕಪ್ಪು) ಮಣ್ಣಿನವರಿಗೆ ಇದು ಆಗುವುದಿಲ್ಲ, ತೇವಕ್ಕೆ ಅಂಟುತ್ತದೆ. ಹುಬ್ಬಳ್ಳಿಯ ಗೆಳೆಯನೊಬ್ಬ ಅದರಲ್ಲೇ ಮಾಡಿ ಕೈಸುಟ್ಟುಕೊಂಡ. ಅವನಿಗೆ ಇಟ್ಟಂಗಿ ಪುಡಿ ಹೇಳಿದೆ, ಈಗ ಸರಿಯಾಗಿದೆಯಂತೆ. (ಹೊಸ ಸಾಣಿಗೆ ತಂದುಕೊಳ್ಳಿ. ಅಡುಗೆಮನೆಯದನ್ನು ಒಯ್ದರೆ ಏನಾಗುತ್ತದೆ ಅಂತ ನಾನು ಅನುಭವಿಸಿದ್ದೇನೆ.)

ದಿನಕ್ಕೆ ಎರಡು ಸಲ ಬ್ರಷ್‌ನಿಂದ ಸವರಬೇಕು. ಸಂಜೆ ಆರಕ್ಕೊಮ್ಮೆ, ಬೆಳಿಗ್ಗೆ ಆರಕ್ಕೊಮ್ಮೆ. ಮುಂಗುಸಿಗೂ ಐದು ಬೆರಳು. ಆದರೆ ಅದು ಹಗಲಿನ ಗಿರಾಕಿ, ಉಗುರೂ ಮುಂದೆ ಚುಕ್ಕಿಯಾಗಿ ಬೀಳುತ್ತವೆ. ಒಂದೇ ಸಲ ಸವರಿದರೆ ಹಗಲು ರಾತ್ರಿ ಕಲಸಿಹೋಗಿ ತಲೆ ಕೆಡುತ್ತದೆ. ಒಂದು ಬೆಳಿಗ್ಗೆ ಕಲ್ಲಿನ ಮೇಲೆ ಹೆಜ್ಜೆಯೇ ಇಲ್ಲ, ಹಗ್ಗ ಎಳೆದ ಹಾಗೆ ಒಂದು ಡೊಂಕು ಗೆರೆ. ಕೆರೆ ಹಾವು ಇರಬೇಕು ಎಂದೆ. ನನ್ನ ಹೆಂಡತಿ ಎಂಟು ದಿನ ಹಿತ್ತಲಿಗೆ ಕಾಲಿಡಲಿಲ್ಲ.

ಏಳು ಕಲ್ಲು ಇಟ್ಟು ಒಂದು ತಿಂಗಳು ನೋಡಿದೆ. ನೆಲದಲ್ಲಿ ಬರೀ ಬೆಕ್ಕು, ಮುಂಗುಸಿ, ಕಪ್ಪೆ. ತಿಂಗಳೆಲ್ಲ ದಂಡ ಅನ್ನಿಸಿತ್ತು. ಸುಮ್ನೆ ಒಂದು ದಿನ ಉಳಿದ ಪುಡಿಯನ್ನು ಕಂಪೌಂಡ್ ಗೋಡೆ ಮೇಲೆ ಸುರಿದೆ. ಮೂರನೇ ಬೆಳಿಗ್ಗೆ ಐದು ಬೆರಳಿನ ಸಾಲು! ಪುನುಗಿನಲ್ಲಿ ಬಾಲಕ್ಕೆ ಬಳೆ ಇರುವ ಜಾತಿ ಹೆಚ್ಚಾಗಿ ನೆಲದ ಮೇಲೆ ಓಡಾಡುತ್ತದೆ. ನಮ್ಮಲ್ಲಿಗೆ ಬರುವುದು ಮರ ಹತ್ತುವ ಜಾತಿ. ಚಿಕ್ಕು ಗಿಡದಿಂದ ಗೋಡೆ, ಗೋಡೆಯಿಂದ ಕಾಕಾನ ಮನೆ ಹೆಂಚು, ಇಷ್ಟೇ ಅದರ ರಸ್ತೆ. ನಾನು ನೆಲ ನೋಡುತ್ತ ಕೂತಿದ್ದೆ.

ಆಮೇಲೆ ಕ್ಯಾಮೆರಾ ಗೋಡೆ ಪಕ್ಕ ಬಂತು, ಎಲೆ ಅಲುಗದ ಜಾಗಕ್ಕೆ. ಹತ್ತಿರವಾಯಿತಲ್ಲ, ಮೊದಲ ನಾಲ್ಕು ಫೋಟೊ ಸುಣ್ಣದ ಹಾಗೆ ಬೆಳ್ಳಗೆ ಬಂದವು. ಕ್ಯಾಮೆರಾದ ದೀಪಗಳ ಮೇಲೆ ಗಾಯಕ್ಕೆ ಹಚ್ಚುವ ಬಿಳಿ ಟೇಪ್ ಎರಡು ಪದರ ಅಂಟಿಸಿದೆ. ಐದನೆಯದೇ ಆ ಚಿಕ್ಕು ಕಳ್ಳ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಮಳೆಗಾಲದ ಶುರುವಿನಲ್ಲಿ ಧೋತರ ಕಟ್ಟಿ 160 ವ್ಯಾಟಿನ ಹಳೇ ಮರ್ಕ್ಯುರಿ ಬಲ್ಬು ಹಚ್ಚಿ ಪತಂಗ ನೋಡಲು ಕೂತೆ. ಆವತ್ತೇ ಗೆದ್ದಲು ರೆಕ್ಕೆ ಕಟ್ಟಿಕೊಂಡು ಎದ್ದವು. ಧೋತರದ ಬುಡದಲ್ಲಿ ಹನ್ನೊಂದು ಕಪ್ಪೆ ಪಂಕ್ತಿಗೆ ಕೂತ ಹಾಗೆ ಕೂತಿದ್ದವು. ಪತಂಗ ಮೂರೋ ನಾಲ್ಕೋ. ಬಿಟ್ಟುಬಿಟ್ಟೆ.

ನೀರಿನ ಪ್ರಯೋಗ ಮಾತ್ರ ಗೆದ್ದಿತು. ಔಷಧಿ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಲೈನ್ ಏರಿಸುವ ನಳಿಕೆ ಸಿಕ್ಕಿತು. ಅದನ್ನು ಕೊಡಕ್ಕೆ ಸಿಕ್ಕಿಸಿ, ಮೂರಡಿ ಕೆಳಗೆ ಮಣ್ಣಿನ ತಟ್ಟೆ ಇಟ್ಟೆ. ಚಕ್ರ ತಿರುಗಿಸಿ ಎರಡು ಸೆಕೆಂಡಿಗೆ ಒಂದು ಹನಿ ಮಾಡಿಕೊಂಡರೆ ದಿನಕ್ಕೆ ಎರಡು, ಎರಡೂಕಾಲು ಲೀಟರ್ ಸಾಕು. ನಳದ ನೀರಿಗೆ ದಿನಗಟ್ಟಲೆ ಕಾಯುವ ನಮ್ಮೂರಲ್ಲಿ ಇದು ಸಣ್ಣ ಮಾತಲ್ಲ. ತುಂಬಿಟ್ಟ ತಟ್ಟೆಗೆ ಬಾರದ ಹಕ್ಕಿಗಳು ಹನಿಯ ಸಪ್ಪಳಕ್ಕೆ ಬಂದವು. ಪಿಕಳಾರ, ಮಡಿವಾಳ, ಹರಟೆಮಲ್ಲನ ಇಡೀ ಸಂಸಾರ. ಅಕ್ಟೋಬರ್‌ನಲ್ಲಿ ಎರಡೇ ದಿನ ಒಂದು ನವರಂಗ ಕೂಡ ಬಂತು, ಒಣ ಎಲೆ ಕೆದರಿ ಹೋಯಿತು.

ಕಳೆದ ವಾರ ನಸುಕಿನಲ್ಲೇ ಕಾಕಾ ಕೂಗಿದರು. ಅವರೂ ತಮ್ಮ ಮಾಳಿಗೆ ಅಂಚಿಗೆ ಬೂದಿ ಹರಡಿದ್ದರು. "ಲಗೂನ ಬಾರೋ, ಐದು ಬಳ್ಳ ಮೂಡ್ಯಾವ ನೋಡು!" ಹೋಗಿ ಬಗ್ಗಿ ನೋಡಿದೆ. ಹಿಂದಿನ ಕಾಲಿನವು ಐದು, ಸರಿ. ಮುಂದಿನವು ನಾಲ್ಕೇ. ಹೆಗ್ಗಣ. ಕಾಕಾ ಮೊಮ್ಮಗನನ್ನು ಎಬ್ಬಿಸಿ ಕರೆದುಕೊಂಡು ಬಂದಿದ್ದರು. ನಾನು ಏನೂ ಹೇಳದೆ ಚಹಾ ಕುಡಿದು ಬಂದೆ.