ಮೊದಲ ಹಿಮ ಬೀಳುವ ಮುಂಚೆ: ಕೆನಡಾದ ಒಂಟಾರಿಯೋಗೆ ಹೊಸದಾಗಿ ಬಂದು ಕಾರು ಓಡಿಸುವವರಿಗೆ

ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಹತ್ತು ವರ್ಷ ಕಾರು ಓಡಿಸಿದವರು ಇಲ್ಲಿಗೆ ಬಂದು, ಜುಲೈ ಬಿಸಿಲಲ್ಲಿ ರೋಡ್ ಟೆಸ್ಟ್ ಕೊಟ್ಟು, ಇಲ್ಲಿನ ಪೂರ್ಣ ಲೈಸೆನ್ಸ್ ಆದ ‘ಜಿ’ ಕೈಗೆ ಬಂದ ದಿನ ‘ಇನ್ನೇನು, ಆಯ್ತಲ್ಲ’ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಬೇಸಿಗೆಯಲ್ಲಿ ಕೊಟ್ಟ ಆ ಟೆಸ್ಟ್‌ನಲ್ಲಿ ನಾನು ಹಿಮದ ಮೇಲೆ ಗಾಡಿ ನಿಲ್ಲಿಸಬಲ್ಲೆನೇ ಅಂತ ಯಾರೂ ನೋಡಿರಲಿಲ್ಲ.

ಅದು ಗೊತ್ತಾಗಿದ್ದು ಮಿಸ್ಸಿಸಾಗಾದಲ್ಲಿ ನನ್ನ ಮೊದಲ ಡಿಸೆಂಬರ್‌ನಲ್ಲಿ. ಮನೆಯಿಂದ ನಾಲ್ಕನೇ ತಿರುವಿನಲ್ಲಿ ಒಂದು ಸ್ಟಾಪ್ ಸೈನ್. ವೇಗ ಮೂವತ್ತೂ ಇರಲಿಲ್ಲ. ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿಯಲ್ಲಿ ಕಟಕಟ ಅಂತ ನಡುಗಿತು. ಏನೋ ಮುರಿಯಿತು ಅಂತ ಗಾಬರಿಯಾಗಿ ಕಾಲು ಎತ್ತಿಬಿಟ್ಟೆ. ಗಾಡಿ ಸದ್ದೇ ಇಲ್ಲದೆ ಗೆರೆ ದಾಟಿ, ಕೂಡುರಸ್ತೆಯಲ್ಲಿ ಅಡ್ಡಡ್ಡ ಜಾರಿ, ಆಚೆ ಬದಿಯ ಕಲ್ಲಂಚಿಗೆ ಗುದ್ದಿ ನಿಂತಿತು. ರಿಮ್ ಡೊಂಕಾಯಿತು, ಅಷ್ಟೇ. ಆದರೆ ಹಿಂದಿನ ಸೀಟಿನಲ್ಲಿ ಮಗಳಿದ್ದಳು. ಆ ಗಳಿಗೆಯಲ್ಲಿ ಅಡ್ಡ ರಸ್ತೆಯಲ್ಲಿ ಒಂದು ಗಾಡಿಯೂ ಬರದಿದ್ದದ್ದು ನಮ್ಮ ಪುಣ್ಯ.

ಮುರಿದದ್ದು ಏನೂ ಇರಲಿಲ್ಲ. ಪೆಡಲ್ ನಡುಗಿದರೆ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಹಾಕಿಕೊಳ್ಳದಂತೆ ತಡೆಯುವ ವ್ಯವಸ್ಥೆ, ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಆಗ ಕಾಲು ತೆಗೆಯಬೇಡಿ. ಗಟ್ಟಿಯಾಗಿ ಒತ್ತಿ ಹಿಡಿದು, ಹೋಗಬೇಕಾದ ಕಡೆ ಸ್ಟೇರಿಂಗ್ ತಿರುಗಿಸಿ. ಎಬಿಎಸ್ ಇದ್ದರೆ ಹಿಮದ ಮೇಲೆ ಗಾಡಿ ಬೇಗ ನಿಲ್ಲುತ್ತದೆ ಅಂತಲ್ಲ, ಬ್ರೇಕ್ ಹಿಡಿದಿದ್ದರೂ ಸ್ಟೇರಿಂಗ್ ನಿಮ್ಮ ಮಾತು ಕೇಳುತ್ತದೆ, ಅಷ್ಟೇ.

ಆ ದಿನ ನನ್ನ ಗಾಡಿಗೆ ಇದ್ದದ್ದು ಆಲ್ ಸೀಸನ್ ಟಯರ್. ಹೆಸರು ನೋಡಿ ಎಲ್ಲ ಕಾಲಕ್ಕೂ ಆಗುತ್ತದೆ ಅಂತ ನಂಬಿದ್ದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆ ರಬ್ಬರ್ ಗಡುಸಾಗುತ್ತಾ ಹೋಗುತ್ತದೆ, ರಸ್ತೆಯ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ. ವಿಂಟರ್ ಟಯರಿನ ರಬ್ಬರ್ ಚಳಿಯಲ್ಲೂ ಮೆತ್ತಗೇ ಉಳಿಯುತ್ತದೆ. ಟಯರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಇದೆಯೇ ನೋಡಿಕೊಂಡೇ ಕೊಳ್ಳಿ. ಪಕ್ಕದ ಕ್ವಿಬೆಕ್‌ನಲ್ಲಿ ನೋಂದಾಯಿಸಿದ ಗಾಡಿಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟಯರ್ ಕಡ್ಡಾಯ. ನಮ್ಮಲ್ಲಿ ಕಡ್ಡಾಯವಿಲ್ಲ, ಆದರೆ 2016ರಿಂದ ಒಂಟಾರಿಯೋದ ಇನ್ಶೂರೆನ್ಸ್ ಕಂಪನಿಗಳು ಇದಕ್ಕೆ ರಿಯಾಯಿತಿ ಕೊಡಲೇಬೇಕು. ಹಾಕಿಸಿದ ದಿನವೇ ಫೋನ್ ಮಾಡಿ ಕೇಳಿ. ದುಡ್ಡು ಉಳಿಸಲು ಎರಡೇ ಹಾಕಿಸುತ್ತೇನೆ ಅನ್ನಬೇಡಿ. ಮುಂದಿನ ಎರಡಕ್ಕೆ ಮಾತ್ರ ಹಿಡಿತ ಇದ್ದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಬೀಸಿಕೊಂಡು ಬರುತ್ತದೆ. ಮೊದಲ ಹಿಮ ಬಿದ್ದ ಮೇಲೆ ಟಯರ್ ಅಂಗಡಿಯಲ್ಲಿ ವಾರಗಟ್ಟಲೆ ಕಾಯಬೇಕಾಗುತ್ತದೆ. ಅಕ್ಟೋಬರ್‌ನಲ್ಲೇ ದಿನ ಗೊತ್ತುಮಾಡಿಕೊಳ್ಳಿ.

‘ನಮ್ಮದು ಆಲ್ ವೀಲ್ ಡ್ರೈವ್, ನಮಗೆ ಬೇಡ’ ಅನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಹೊರಡುವಾಗ ನಾಲ್ಕು ಚಕ್ರವೂ ತಳ್ಳುತ್ತವೆ, ನಿಜ. ಆದರೆ ನಿಲ್ಲಿಸುವಾಗ ಎಲ್ಲ ಗಾಡಿಯೂ ಒಂದೇ. ಸಲೀಸಾಗಿ ಓಡುತ್ತದೆ ಅಂತ ಧೈರ್ಯ ಬಂದು ವೇಗ ಹೆಚ್ಚಿಸಿದವರೇ ಹಳ್ಳಕ್ಕೆ ಇಳಿಯುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಮಳೆಗಾಲದಲ್ಲಿ ಆಗುಂಬೆ ಘಾಟಿಯನ್ನೋ ಚಾರ್ಮಾಡಿಯನ್ನೋ ಇಳಿದವರಿಗೆ ಹಿಮದ ಓಡಿಸುವಿಕೆಯ ಅರ್ಧ ಪಾಠ ಗೊತ್ತಿರುತ್ತದೆ. ತಿರುವಿನೊಳಗೆ ಬ್ರೇಕ್ ಹಿಡಿಯುವುದಿಲ್ಲ, ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಳ್ಳುತ್ತೀರಿ. ಇಲ್ಲೂ ಅದೇ. ಒಂದೇ ಹೊತ್ತಿಗೆ ಒಂದೇ ಕೆಲಸ: ಬ್ರೇಕ್, ಆಮೇಲೆ ತಿರುವು, ಆಮೇಲೆ ಆಕ್ಸಿಲರೇಟರ್. ಮೂರೂ ಮೆತ್ತಗೆ, ಮುಂಚಿತವಾಗಿ. ಮುಂದಿನ ಗಾಡಿಗೆ ಬೇಸಿಗೆಯಲ್ಲಿ ಬಿಡುವ ಅಂತರದ ಎರಡು ಮೂರು ಪಟ್ಟು ಬಿಡಿ. ಆ ಜಾಗದಲ್ಲಿ ಯಾರಾದರೂ ನುಗ್ಗಿದರೆ ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ. ಕ್ರೂಸ್ ಕಂಟ್ರೋಲ್ ಬೇಡವೇ ಬೇಡ. ಗಾಡಿ ಜಾರಿದರೆ ಆಕ್ಸಿಲರೇಟರ್ ಬಿಟ್ಟು, ಹೋಗಬೇಕಾದ ಕಡೆಗೇ ಕಣ್ಣಿಡಿ. ಕಂಬ ನೋಡುತ್ತಾ ಕೂತರೆ ಕೈ ಕಂಬದ ಕಡೆಗೇ ತಿರುಗಿಸುತ್ತದೆ.

ಮೈನಸ್ ಇಪ್ಪತ್ತರ ದಿನಕ್ಕೆ ಎಲ್ಲರೂ ಹೆದರುತ್ತಾರೆ. ನನಗೆ ಹೆಚ್ಚು ಭಯ ಸೊನ್ನೆಯ ಆಸುಪಾಸಿನ ಬೆಳಗಿನ ಜಾವ. ಹಗಲು ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿ ಕನ್ನಡಿಯಂಥ ಪದರವಾಗಿರುತ್ತದೆ. ಇದೇ ಬ್ಲ್ಯಾಕ್ ಐಸ್. ನೋಡಲು ಒದ್ದೆ ರಸ್ತೆಯಂತೆಯೇ ಇರುತ್ತದೆ. ರಸ್ತೆ ಒದ್ದೆಯಾಗಿ ಕಾಣುತ್ತಿದ್ದರೂ ಮುಂದಿನ ಗಾಡಿಯ ಚಕ್ರದಿಂದ ನೀರು ಸಿಡಿಯುತ್ತಿಲ್ಲ ಅಂದರೆ ಅದು ನೀರಲ್ಲ, ಮಂಜುಗಡ್ಡೆ ಅಂತಲೇ ತಿಳಿಯಿರಿ. ಸೇತುವೆ, ಫ್ಲೈಓವರ್, ಹೈವೇ ರ‍್ಯಾಂಪ್‌ಗಳ ಅಡಿಯಿಂದಲೂ ಚಳಿಗಾಳಿ ಬೀಸುವುದರಿಂದ ಅವು ಮೊದಲು ಹೆಪ್ಪುಗಟ್ಟುತ್ತವೆ.

ಹೊರಡುವ ಮುಂಚೆ ಗಾಡಿಯ ಮೇಲಿನ ಹಿಮವನ್ನೆಲ್ಲ ಬಳಿದು ತೆಗೆಯಿರಿ. ಗಾಜಿನಲ್ಲಿ ಕಣ್ಣಿಗೆ ಬೇಕಾದಷ್ಟು ಕಿಂಡಿ ಮಾಡಿಕೊಂಡು ಹೊರಟರೆ ಸಾಲದು. ಗಾಡಿಯ ಮಾಡಿನ ಮೇಲಿನ ಹಿಮದ ಗಡ್ಡೆ, ಬ್ರೇಕ್ ಹಿಡಿದಾಗ ನಿಮ್ಮದೇ ಗಾಜಿನ ಮೇಲೆ ಕುಸಿಯುತ್ತದೆ, ಹೈವೇಯಲ್ಲಿ ಹಾರಿ ಹಿಂದಿನವರ ಗಾಜಿಗೆ ಬಡಿಯುತ್ತದೆ. ಗಾಜಿಗೆ ಬಿಸಿನೀರು ಹುಯ್ಯಬೇಡಿ, ಸೀಳುತ್ತದೆ. ಒಳಗೆ ಮಂಜು ಕವಿದರೆ ಬಿಸಿಗಾಳಿಯ ಜೊತೆ ಎಸಿಯನ್ನೂ ಹಾಕಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಆಫ್ ಮಾಡಿ. ಹೆಡ್‌ಲೈಟ್ ಕೈಯಾರೆ ಹಾಕಿ. ಹಳೆಯ ಗಾಡಿಗಳಲ್ಲಿ ಹಗಲು ತಾನಾಗಿ ಉರಿಯುವ ದೀಪ ಮುಂದೆ ಮಾತ್ರ, ಹಿಂದೆ ಕತ್ತಲೆ.

ಚಿಕ್ಕ ಮಕ್ಕಳಿರುವವರು ದಯವಿಟ್ಟು ಇದನ್ನು ಮರೆಯಬೇಡಿ: ದಪ್ಪ ಜಾಕೆಟ್ ಹಾಕಿ ಕಾರ್ ಸೀಟಿನ ಬೆಲ್ಟ್ ಬಿಗಿಯಬಾರದು. ಗುದ್ದಿದಾಗ ಜಾಕೆಟ್ಟಿನ ಹತ್ತಿ ಅದುಮಿಕೊಂಡು ಬೆಲ್ಟ್ ಸಡಿಲಾಗುತ್ತದೆ, ಮಗು ಜಾರಿ ಹೋಗಬಹುದು. ತೆಳು ಸ್ವೆಟರಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಮೇಲೆ ಕಂಬಳಿ ಹೊದಿಸಿ. ಊರಿಂದ ಬಂದ ಅಜ್ಜಿ ‘ಮಗು ಚಳಿಗೆ ನಡುಗುತ್ತೆ ಕಣಮ್ಮಾ’ ಅಂತ ಆಕ್ಷೇಪ ಮಾಡುತ್ತಾರೆ. ಹೊರಡುವ ಹತ್ತು ನಿಮಿಷ ಮುಂಚೆ ಗಾಡಿಯನ್ನು ಹೊರಗೆ ನಿಲ್ಲಿಸಿ ಬಿಸಿ ಮಾಡಿಟ್ಟರೆ ಆ ಮಾತು ಬರುವುದಿಲ್ಲ. ಮುಚ್ಚಿದ ಗ್ಯಾರೇಜಿನೊಳಗೆ ಮಾತ್ರ ಎಂದೂ ಎಂಜಿನ್ ಓಡಿಸಬೇಡಿ.

ಡಿಕ್ಕಿಯಲ್ಲಿ ಸಲಿಕೆ, ಕಂಬಳಿ, ಟಾರ್ಚ್, ಜಂಪರ್ ಕೇಬಲ್, ಸ್ವಲ್ಪ ಮರಳು, ಒಂದಿಷ್ಟು ಕಡಲೆಮಿಠಾಯಿ ಇರಲಿ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಇಳಿಯದಿರಲಿ. 2022ರ ಕ್ರಿಸ್‌ಮಸ್ ಹೊತ್ತಿನ ಹಿಮಬಿರುಗಾಳಿಯಲ್ಲಿ, ನಯಾಗರದ ಆಚೆಗಿರುವ ಬಫಲೋದಲ್ಲಿ, ಕಾರಿನೊಳಗೇ ಸಿಕ್ಕಿಕೊಂಡು ಪ್ರಾಣ ಬಿಟ್ಟವರಿದ್ದಾರೆ. ಸಿಕ್ಕಿಬಿದ್ದರೆ ಗಾಡಿ ಬಿಟ್ಟು ನಡೆಯಬೇಡಿ. ಸೈಲೆನ್ಸರ್ ಬಾಯಿಯ ಸುತ್ತಲಿನ ಹಿಮ ತೆಗೆದು, ಕಿಟಕಿ ಒಂದೆಳೆ ಇಳಿಸಿ, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ. ಆ ಬಾಯಿ ಮುಚ್ಚಿಕೊಂಡರೆ ವಿಷಗಾಳಿ ಒಳಗೆ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ನೀಲಿ ದೀಪ ಮಿನುಗಿಸುತ್ತಾ ಹಿಮ ಬಳಿಯುವ ಲಾರಿ ಮುಂದಿದ್ದರೆ ಹಿಂದೆಯೇ ದೂರ ಬಿಟ್ಟು ಬನ್ನಿ. ಹೈವೇ 401ರಲ್ಲಿ ಅವು ಒಂದರ ಹಿಂದೊಂದು ಓರೆಯಾಗಿ ಸಾಲುಗಟ್ಟಿ ಹೋಗುತ್ತವೆ. ನಡುವೆ ನುಸುಳುವ ಜಾಗ ಕಂಡರೂ ನುಸುಳಬೇಡಿ. ಅವುಗಳ ಹಿಂದಿನ ರಸ್ತೆಯೇ ಆ ಹೊತ್ತಿನ ಒಳ್ಳೆಯ ರಸ್ತೆ.

ಹೋಗದೇ ಇರುವುದೂ ಒಂದು ಆಯ್ಕೆ. ನಮ್ಮವರಿಗೆ ಇದು ಎಲ್ಲಕ್ಕಿಂತ ಕಷ್ಟ. ಸಂಕ್ರಾಂತಿಗೆ ಬ್ಯಾರಿ (Barrie) ಎಂಬ ಊರಿನ ಗೆಳೆಯರು ಕರೆದಿದ್ದಾರೆ, ಎಳ್ಳು–ಬೆಲ್ಲ ಕಟ್ಟಿಟ್ಟಾಗಿದೆ, ಬರದಿದ್ದರೆ ಏನಂದುಕೊಂಡಾರು ಅಂತ ಹೊರಟುಬಿಡುತ್ತೇವೆ. ಹೈವೇ 400ರಲ್ಲಿ ಬ್ಯಾರಿಯ ಕಡೆ ಜಾರ್ಜಿಯನ್ ಕೊಲ್ಲಿಯಿಂದ ಬೀಸುವ ಹಿಮಗಾಳಿ ಹೇಗಿರುತ್ತದೆ ಅಂದರೆ, ಬಿಸಿಲಲ್ಲಿ ಹೋಗುತ್ತಿದ್ದವರಿಗೆ ಒಂದೇ ಕಿಲೋಮೀಟರ್‌ನಲ್ಲಿ ಸ್ವಂತ ಬಾನೆಟ್ ಕಾಣುವುದಿಲ್ಲ. ಹೊರಡುವ ಮುಂಚೆ ರಸ್ತೆಗಳ ಸ್ಥಿತಿ ತಿಳಿಸುವ ಸರ್ಕಾರಿ ಜಾಲತಾಣ ‘ಒಂಟಾರಿಯೋ 511’ ನೋಡಿ. ರಸ್ತೆ ಮುಚ್ಚಿದೆಯೇ, ಹಿಮ ಕವಿದಿದೆಯೇ, ಕ್ಯಾಮೆರಾದ ಚಿತ್ರ ಸಮೇತ ಇರುತ್ತದೆ. ಸರಿಯಿಲ್ಲ ಅನ್ನಿಸಿದರೆ ಫೋನ್ ಮಾಡಿ ‘ಮುಂದಿನ ವಾರ ಬರ್ತೀವಿ’ ಅನ್ನಿ. ಇಲ್ಲಿ ಹತ್ತು ಚಳಿಗಾಲ ಕಳೆದವರು ಯಾರೂ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ‘ಒಳ್ಳೇದಾಯ್ತು, ಬರಬೇಡಿ’ ಅಂತಲೇ ಹೇಳುತ್ತಾರೆ.

ಮೊದಲ ಹಿಮ ಬಿದ್ದ ಭಾನುವಾರ ಬೆಳಿಗ್ಗೆ ಅನುಭವ ಇರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅನುಮತಿ ಕೇಳಿ, ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ. ಇಪ್ಪತ್ತರ ವೇಗದಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ. ಪೆಡಲ್ ಕಟಕಟ ಅನ್ನುವುದು ಕಾಲಿಗೆ ಗೊತ್ತಾಗಲಿ, ಗಾಡಿ ಎಷ್ಟು ದೂರ ಜಾರಿ ನಿಂತಿತು ಅಂತ ಇಳಿದು ಹೆಜ್ಜೆ ಹಾಕಿ ಅಳೆಯಿರಿ. ಮಕ್ಕಳನ್ನು ಮನೆಯಲ್ಲೇ ಬಿಟ್ಟು ಹೋಗಿ.