ಬಾಣಗಳ ಮಳೆಯನ್ನು ಮರದಲ್ಲಿ ಕೆತ್ತಿದ ಬಗೆ

ಜಪಾನಿನ ಮರದಚ್ಚಿನ ಚಿತ್ರಕಾರ ಉತಗಾವಾ ಕುನಿಯೋಶಿ 1851ರ ಸುಮಾರಿಗೆ ರಚಿಸಿದ ಶಿಜೋನವಾತೆ ಕಾಳಗದ ಚಿತ್ರ ಮೂರು ಹಾಳೆಗಳಲ್ಲಿ ಹರಡಿಕೊಂಡಿದೆ. ಈ ಕಾಳಗ ನಡೆದದ್ದು 1348ರಲ್ಲಿ. ಜಪಾನಿನಲ್ಲಿ ಆಗ ಎರಡು ರಾಜಾಸ್ಥಾನಗಳಿದ್ದವು. ದಕ್ಷಿಣದ ಆಸ್ಥಾನದ ಪರವಾಗಿ ನಿಂತಿದ್ದ ತರುಣ ದಂಡನಾಯಕ ಕುಸುನೋಕಿ ಮಸಾತ್ಸುರಾ, ಕೋ ನೋ ಮೊರೊನಾವೊನ ದೊಡ್ಡ ಸೇನೆಯನ್ನು ಎದುರಿಸಿ ತನ್ನವರೊಂದಿಗೆ ಅಲ್ಲಿ ಮಡಿದನು. ಚಿತ್ರದಲ್ಲಿ ವೀರರು ಬಿರುಗಾಳಿಗೆ ಎದುರಾಗಿ ನಡೆಯುವವರಂತೆ ಮೈಬಾಗಿಸಿ ಮುನ್ನುಗ್ಗುತ್ತಿದ್ದಾರೆ, ಮೂರೂ ಹಾಳೆಗಳನ್ನು ಅಡ್ಡಹಾಯ್ದು ಬಾಣಗಳು ಸುರಿಯುತ್ತಿವೆ. ಜಪಾನಿನಲ್ಲಿ ನೆಲೆಸಿ, ಕ್ಯೋಟೋದ ಹಿರಿಯ ಅಚ್ಚುಗಾರರೊಬ್ಬರ ಬಳಿ ಮರದಚ್ಚಿನ ಕೆಲಸವನ್ನು ಕಲಿತ ಮೇಲೆ, ಈ ಚಿತ್ರದ ನಡುವಿನ ಹಾಳೆಯನ್ನು ಹಳೆಯ ಕ್ರಮದಲ್ಲಿಯೇ ಕೆತ್ತಿ ಅಚ್ಚು ತೆಗೆಯಬೇಕೆಂಬ ಆಸೆ ನನಗೆ ಹುಟ್ಟಿತು. ಆ ಕೆಲಸ ಸಾಗಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ವೀರರ ಮತ್ತು ಯುದ್ಧಗಳ ಇಂಥ ಚಿತ್ರಗಳನ್ನು ಅಲ್ಲಿ ‘ಮುಶಾ-ಎ’ ಎನ್ನುತ್ತಾರೆ. ಕುನಿಯೋಶಿಗಿಂತ ಮೊದಲೂ ಇವು ಇದ್ದವು. ಆದರೆ ‘ಸುಯ್‌ಕೋಡೆನ್’ ಎಂಬ ಚೀನೀ ಕಥೆಯ 108 ವೀರರಲ್ಲಿ ಹಲವರನ್ನು ಒಬ್ಬೊಬ್ಬರನ್ನಾಗಿ ತೋರಿಸುವ ಅವನ ಚಿತ್ರಮಾಲೆ 1827ರ ಸುಮಾರಿಗೆ ಹೊರಬಂದಾಗ ಎದೋ (ಇಂದಿನ ಟೋಕಿಯೋ) ನಗರದ ಜನ ಅವನನ್ನು ‘ವೀರಚಿತ್ರಗಳ ಕುನಿಯೋಶಿ’ ಎಂದೇ ಕರೆಯತೊಡಗಿದರು. ಆ ಕಾಲದ ಚಿತ್ರಕಾರರು ಹದಿನಾಲ್ಕನೆಯ ಶತಮಾನದ ಕಾಳಗವನ್ನೋ, ಅದಕ್ಕೂ ಹಿಂದಿನ ಮಿನಾಮೋತೋ ಮತ್ತು ತಾಯ್ರಾ ಕುಲಗಳ ಯುದ್ಧವನ್ನೋ ಮತ್ತೆಮತ್ತೆ ಆರಿಸಿಕೊಂಡದ್ದಕ್ಕೆ ಅಭಿರುಚಿಯಷ್ಟೇ ಕಾರಣವಲ್ಲ. 1573ರಲ್ಲಿ ಆರಂಭವಾದ ತೆನ್‌ಶೋ ಯುಗದಿಂದ ಈಚಿನ ಯೋಧರನ್ನು ಅವರ ನಿಜವಾದ ಹೆಸರು ಮತ್ತು ಲಾಂಛನಗಳೊಂದಿಗೆ ಚಿತ್ರಿಸಬಾರದೆಂದು 1804ರಲ್ಲಿ ಸರಕಾರ ಕಟ್ಟಪ್ಪಣೆ ಮಾಡಿತ್ತು. ಹದಿನಾರನೆಯ ಶತಮಾನದ ಕೊನೆಯಲ್ಲಿ ಜಪಾನನ್ನು ಆಳಿದ ದಂಡನಾಯಕ ಹಿದೆಯೋಶಿಯನ್ನು ಚಿತ್ರಿಸಿದ ತಪ್ಪಿಗೆ ಉತಾಮಾರೋವಿನಂಥ ಹೆಸರಾಂತ ಕಲಾವಿದನಿಗೂ ಆ ವರ್ಷ ಕೈಕೋಳ ಬಿದ್ದಿತು. ಆಮೇಲೆ ಅಂಥ ಯೋಧರನ್ನು ತೋರಿಸಬೇಕಾದಾಗ ಹೆಸರಿನ ಒಂದೆರಡು ಅಕ್ಷರ ಬದಲಿಸುವುದು ವಾಡಿಕೆಯಾಯಿತು. ಮಸಾತ್ಸುರಾನ ಕಥೆಗೆ ಆ ಅಡ್ಡಿ ಇರಲಿಲ್ಲ.

ಉಳಿ ಹಿಡಿಯುವ ಮೊದಲು ನೋಡುವ ಕೆಲಸವೇ ಬಹಳ. ಬ್ರಿಟಿಷ್ ಮ್ಯೂಸಿಯಂ, ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ ಮುಂತಾದ ಸಂಸ್ಥೆಗಳು ಕುನಿಯೋಶಿಯ ಚಿತ್ರಗಳ ಸ್ಪಷ್ಟವಾದ ಛಾಯಾಪ್ರತಿಗಳನ್ನು ಅಂತರ್ಜಾಲದಲ್ಲಿ ಇಟ್ಟಿರುವುದು ನಮ್ಮಂಥವರಿಗೆ ದೊಡ್ಡ ಉಪಕಾರ. ಒಂದೇ ಚಿತ್ರದ ಬೇರೆ ಬೇರೆ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಅಚ್ಚುಮಣೆ ಹೊಸದಾಗಿದ್ದಾಗ ತೆಗೆದ ಪ್ರತಿ ಯಾವುದು, ಸವೆದ ಮೇಲೆ ತೆಗೆದದ್ದು ಯಾವುದು ಎಂಬುದು ತಿಳಿಯುತ್ತದೆ. ಮೊದಲ ಪ್ರತಿಗಳಲ್ಲಿ ಕೂದಲಿನ ಗೆರೆಗಳು ಒಂದೊಂದಾಗಿ ಬಿಡಿಸಿ ಕಾಣುತ್ತವೆ, ಬಣ್ಣ ಗಾಢದಿಂದ ತೆಳುವಿಗೆ ಮೆಲ್ಲನೆ ಇಳಿಯುತ್ತದೆ. ತಡವಾಗಿ ಬಂದ ಪ್ರತಿಗಳಲ್ಲಿ ಗೆರೆಗಳು ದಪ್ಪವಾಗಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಖರ್ಚು ಉಳಿಸಲೆಂದು ಬಣ್ಣದ ಇಳಿತವನ್ನೂ ಕೈಬಿಟ್ಟಿರುತ್ತಾರೆ. ಕೆತ್ತುವವನು ಮೊದಲ ಬಗೆಯ ಪ್ರತಿಯನ್ನೇ ನಂಬಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಖ್ಯ ಅಚ್ಚಿಗೆ ಕಾಡು ಚೆರ್ರಿ ಮರದ ಹಲಗೆಯನ್ನು ತಂದೆ. ಬಣ್ಣದ ಅಚ್ಚುಗಳಿಗೆ ಶಿನಾ ಮರದ ಪ್ಲೈವುಡ್ ಸಾಕು. ಇಂದಿನ ಬಹುಪಾಲು ಅಭ್ಯಾಸಿಗಳು ಅದನ್ನೇ ಬಳಸುತ್ತಾರೆ. ಆದರೆ ಕೂದಲೆಳೆಯಂಥ ಗೆರೆಯನ್ನು ಉಬ್ಬಾಗಿ ಉಳಿಸಬೇಕಾದ ಕಡೆ ಚೆರ್ರಿಯ ಗಟ್ಟಿತನಕ್ಕೆ ಸಾಟಿಯಿಲ್ಲ. ಗೆರೆಚಿತ್ರವನ್ನು ತೆಳುವಾದ ಕಾಗದದ ಮೇಲೆ ಮಾಡಿಕೊಂಡು, ಹಲಗೆಗೆ ಅಕ್ಕಿಯ ಅಂಟನ್ನು ತೆಳ್ಳಗೆ ಸವರಿ, ಚಿತ್ರದ ಮುಖವನ್ನು ಕೆಳಗೆ ಮಾಡಿ ಅಂಟಿಸಬೇಕು. ಅದು ಆರುತ್ತ ಬಂದಾಗ ಬೆರಳತುದಿಯಿಂದ ಉಜ್ಜಿ ಕಾಗದದ ಮೇಲುಪದರವನ್ನು ತೆಗೆದು, ಒಂದು ಹನಿ ಎಣ್ಣೆ ಸವರಿದರೆ, ಗೆರೆಗಳು ಮರದ ಮೇಲೆಯೇ ಬರೆದಂತೆ ಕಪ್ಪಾಗಿ ಎದ್ದು ಕಾಣುತ್ತವೆ. ಹಿಂದಿನ ಕಾಲದಲ್ಲಿ ಚಿತ್ರಕಾರನ ಕೈಯ ಮೂಲ ರೇಖಾಚಿತ್ರವೇ ಹೀಗೆ ಹಲಗೆಗೆ ಅಂಟಿ, ಉಳಿಯ ಬಾಯಲ್ಲಿ ಇಲ್ಲವಾಗುತ್ತಿತ್ತು.

ಚಿತ್ರದ ಮೇಲೆ ಕುನಿಯೋಶಿಯ ಹೆಸರು ಇದ್ದರೂ ಅಚ್ಚುಮಣೆ ಕೆತ್ತಿದವನು ಅವನಲ್ಲ. ಬಂಡವಾಳ ಹಾಕುವ ಪ್ರಕಾಶಕ, ಚಿತ್ರಕಾರ, ಕೆತ್ತುವವ, ಅಚ್ಚೊತ್ತುವವ ಎಂದು ನಾಲ್ವರ ದುಡಿಮೆ ಅಲ್ಲಿ ಸೇರಿರುತ್ತಿತ್ತು. ಕೆತ್ತುವವರಲ್ಲಿಯೂ ಮೇಲುಕೀಳಿನ ಶ್ರೇಣಿಯಿತ್ತು: ಮುಖ, ಕೂದಲು, ಹಣೆಯಂಚಿನ ಕೇಶರೇಖೆ ಹಿರಿಯನ ಪಾಲು, ಉಡುಪು ಮತ್ತು ಹಿನ್ನೆಲೆ ಕಿರಿಯರ ಪಾಲು. ಒಬ್ಬನೇ ಕುಳಿತು ಎಲ್ಲವನ್ನೂ ಮಾಡುವಾಗ ಈ ವಿಭಜನೆಯ ಹಿಂದಿನ ವಿವೇಕ ಅರ್ಥವಾಗುತ್ತದೆ. ಕವಚದ ಪಟ್ಟಿಗಳನ್ನು ಕಟ್ಟಿದ ರೇಷ್ಮೆ ಹುರಿಗಳನ್ನು ಕೆತ್ತುವುದಕ್ಕೆ ಬೇಕಾದದ್ದು ಸಹನೆ. ಒಂದೇ ಅಳತೆಯ ಚಿಕ್ಕ ಚಿಕ್ಕ ಕಡಿತಗಳನ್ನು ಸಾಲುಸಾಲಾಗಿ ಹಾಕುತ್ತ ಹೋಗಬೇಕು. ಮುಖದ ಗೆರೆ ಹಾಗಲ್ಲ. ಬಿಗಿದ ತುಟಿಯ ಕೊನೆಯಲ್ಲಿ ಗೆರೆ ಚೂರು ಉಬ್ಬಿ ತಟ್ಟನೆ ಮೊನಚಾಗುತ್ತದೆ, ಆ ಉಬ್ಬು ತಪ್ಪಿದರೆ ವೀರನ ಮುಖದಲ್ಲಿ ಹಟವೇ ಉಳಿಯುವುದಿಲ್ಲ. ಆದ್ದರಿಂದ ಮುಖವನ್ನು ಬೆಳಗಿನ ಹೊತ್ತು, ಕೈ ದಣಿಯುವ ಮೊದಲು ಕೆತ್ತುವ ಪದ್ಧತಿಯನ್ನು ಇಟ್ಟುಕೊಂಡೆ.

ಬಾಣಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಚಿತ್ರದ ಜೀವ ಅಲ್ಲಿದೆ. ಉಬ್ಬುಗೆರೆ ಎಂದರೆ ಗೆರೆಯನ್ನು ಕೊರೆಯುವುದಲ್ಲ, ಅದರ ಎರಡೂ ಬದಿಯ ಮರವನ್ನು ತೆಗೆದು ಗೆರೆಯನ್ನು ಉಳಿಸುವುದು. ನನ್ನ ಹಲಗೆಯಲ್ಲಿ ಮರದ ಎಳೆ ಉದ್ದಕ್ಕೆ ಹರಿಯುತ್ತಿತ್ತು, ಬಾಣಗಳು ಅದನ್ನು ಅಡ್ಡವಾಗಿ ಕತ್ತರಿಸಿ ಹೋಗಬೇಕಿತ್ತು. ಎಳೆಗೆ ಅಡ್ಡವಾಗಿ ನಿಂತ ತೆಳುಗೆರೆಯಲ್ಲಿ ನಾರುಗಳು ತೀರ ಗಿಡ್ಡವಾಗಿರುವುದರಿಂದ ಅದು ಬೆರಳು ತಾಕಿದರೂ ಉದುರಬಲ್ಲದು. ಇದಕ್ಕೆ ಇರುವ ಉಪಾಯ ಚಾಕುವಿನ ಓರೆಯಲ್ಲಿದೆ. ಚಾಕುವನ್ನು ನೆಟ್ಟಗೆ ಇಳಿಸದೆ, ಗೆರೆಯ ಬುಡ ತಲೆಗಿಂತ ಅಗಲವಾಗುವಂತೆ ಹೊರಕ್ಕೆ ವಾಲಿಸಿ ತನ್ನ ಕಡೆಗೆ ಎಳೆಯಬೇಕು. ಆಮೇಲೆ ಹಲಗೆಯನ್ನು ತಿರುಗಿಸಿ ಇನ್ನೊಂದು ಬದಿಯನ್ನೂ ಹಾಗೆಯೇ ಕಡಿಯಬೇಕು. ಆಗ ಗೆರೆಯ ಅಡ್ಡಕೊಯ್ತ ಗದ್ದೆಯ ಬದುವಿನಂತೆ ಕೆಳಗೆ ಹರಡಿ ಮೇಲೆ ಕಿರಿದಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಗೆರೆಗೆ ಅಂಟಿಕೊಂಡ ಮರವನ್ನು ಅಗಲ ಉಳಿಯಿಂದ ತೆಗೆಯುವ ಕೆಲಸವನ್ನು ಕೊನೆಯವರೆಗೂ ಮುಂದೂಡಿದೆ. ಅಕ್ಕಪಕ್ಕದ ಮರ ಇರುವಷ್ಟು ದಿನ ಗೆರೆಗೆ ಅದೇ ಆಸರೆ.

ಹೀಗೆ ಕೆತ್ತುತ್ತ ಹೋದಂತೆ, ಚಿತ್ರವನ್ನು ಎಷ್ಟು ನೋಡಿದರೂ ಕಣ್ಣಿಗೆ ತಿಳಿಯದೇ ಇದ್ದ ಒಂದು ಸಂಗತಿ ಕೈಗೆ ತಿಳಿಯಿತು. ವೀರರ ಮೈಯಲ್ಲಿ, ಬಟ್ಟೆಯ ಮಡಿಕೆಗಳಲ್ಲಿ ಗೆರೆ ಎಲ್ಲೆಡೆಯೂ ಉಬ್ಬುತ್ತ ಇಳಿಯುತ್ತ ಸಾಗುತ್ತದೆ. ಬಾಣಗಳ ಗೆರೆಯಲ್ಲಿ ಆ ಏರಿಳಿತವಿಲ್ಲ. ಅದು ಒಂದೇ ದಪ್ಪದಲ್ಲಿ, ಒಂದೇ ವೇಗದಲ್ಲಿ ಹೋಗುತ್ತದೆ. ಮನುಷ್ಯರ ಬಳುಕುವ ಗೆರೆಯನ್ನು ನಿರ್ದಯವಾದ ನೇರಗೆರೆ ಹಾದುಹೋಗುವುದರಿಂದಲೇ ನೋಡುವವರ ಎದೆ ನಡುಗುತ್ತದೆ. ನೆತ್ತರನ್ನೂ ಉರುಳಿದ ತಲೆಗಳನ್ನೂ ಧಾರಾಳವಾಗಿ ತೋರಿಸುವ ವೀರಚಿತ್ರಗಳು ಬೇಕಾದಷ್ಟಿವೆ. ಕುನಿಯೋಶಿಯ ಶಿಷ್ಯ ಯೋಶಿತೋಶಿ 1860ರ ದಶಕದಲ್ಲಿ ಆ ದಾರಿಯಲ್ಲಿ ಬಹು ದೂರ ಹೋದನು. ಆದರೆ ಎರಡು ಬಗೆಯ ಗೆರೆಗಳಿಂದಲೇ ಸೋಲಿನ ಭಾರವನ್ನು ತಿಳಿಸಿದ ಈ ಚಿತ್ರ ನನಗೆ ಅವೆಲ್ಲಕ್ಕಿಂತ ಮೇಲಾಗಿ ಕಾಣುತ್ತದೆ.

ಬಾಣಗಳನ್ನು ಕೆತ್ತುತ್ತಿದ್ದ ದಿನಗಳಲ್ಲಿಯೇ ಯೋಶಿನೋ ಬೆಟ್ಟದ ನ್ಯೋಯಿರಿನ್-ಜಿ ದೇಗುಲಕ್ಕೆ ಹೋಗಿಬಂದೆ. ಯುದ್ಧಕ್ಕೆ ಹೊರಡುವ ಮುನ್ನ ಮಸಾತ್ಸುರಾ ತನ್ನ ಕಡೆಯ ಕವಿತೆಯನ್ನು ಅಲ್ಲಿನ ಮರದ ಬಾಗಿಲ ಮೇಲೆ ಬಾಣದ ಮೊನೆಯಿಂದ ಕೊರೆದನೆಂದು ಪ್ರತೀತಿಯಿದೆ. ಮರ ಕೆತ್ತುವವನಿಗೆ ಆ ಕಥೆ ಬೇರೆಯದೇ ರೀತಿಯಲ್ಲಿ ತಟ್ಟುತ್ತದೆ: ಬಾಣದ ಮೊನೆಯಿಂದ ಬಾಗಿಸಿ ಬರೆಯುವುದು ಎಷ್ಟು ಕಷ್ಟ, ಎಳೆಗೆ ಅಡ್ಡ ಬಂದಲ್ಲೆಲ್ಲ ಕೈ ಎಷ್ಟು ತಡೆದಿರಬೇಕು ಎಂದು ಬೆಟ್ಟ ಇಳಿಯುವಾಗ ಯೋಚಿಸುತ್ತಿದ್ದೆ.

ಮುಖ್ಯ ಅಚ್ಚು ಮುಗಿದ ಮೇಲೆ ಬಣ್ಣಗಳನ್ನು ಬಿಡಿಸಬೇಕು. ಅಚ್ಚಿನಿಂದ ತೆಳುಕಾಗದದ ಮೇಲೆ ಕಪ್ಪುಪ್ರತಿಗಳನ್ನು ತೆಗೆದು, ಪ್ರತಿಯೊಂದರಲ್ಲಿಯೂ ಒಂದೊಂದು ಬಣ್ಣದ ಜಾಗವನ್ನು ಗುರುತಿಸಿ, ಅದನ್ನೇ ಇನ್ನೊಂದು ಹಲಗೆಗೆ ಅಂಟಿಸಿ ಕೆತ್ತುವುದು ಕ್ರಮ. ಎಲ್ಲ ಹಲಗೆಗಳಲ್ಲಿಯೂ ಮೂಲೆಗೊಂದು, ಅಂಚಿಗೊಂದು ‘ಕೆಂತೋ’ ಎಂಬ ಗುರುತಿನ ಕಚ್ಚು ಇರುತ್ತದೆ. ಹಾಳೆಯನ್ನು ಆ ಎರಡಕ್ಕೆ ತಾಗಿಸಿ ಇಟ್ಟರೆ ಬಣ್ಣ ತನ್ನ ಜಾಗದಲ್ಲಿಯೇ ಕೂರುತ್ತದೆ.

ಅಚ್ಚೊತ್ತಲು ಉಪ್ಪುನೇರಳೆ ಜಾತಿಗೆ ಸೇರಿದ ಕೋಝೋ ಗಿಡದ ನಾರಿನಿಂದ ಮಾಡಿದ ಕಾಗದವೇ ಆಗಬೇಕು. ಪ್ರಾಣಿಜನ್ಯ ಅಂಟು ಮತ್ತು ಪಟಿಕ ಬೆರೆಸಿದ ನೀರನ್ನು ಮೊದಲೇ ಅದಕ್ಕೆ ಸವರಿರುತ್ತಾರೆ; ಇಲ್ಲವಾದರೆ ಬಣ್ಣ ಹರಡಿಕೊಳ್ಳುತ್ತದೆ. ಹಿಂದಿನ ದಿನವೇ ಹಾಳೆಗಳನ್ನು ಒದ್ದೆ ಮಾಡಿ ಒಂದರ ಮೇಲೊಂದು ಜೋಡಿಸಿಟ್ಟೆ. ಒದ್ದೆ ಕಾಗದ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮೊದಲ ಬಣ್ಣದಿಂದ ಕಡೆಯ ಬಣ್ಣದವರೆಗೆ ಅದೇ ತೇವವನ್ನು ಕಾಯ್ದುಕೊಂಡರೆ ಮಾತ್ರ ಗೆರೆಯೂ ಬಣ್ಣವೂ ಹೊಂದಿಕೊಳ್ಳುತ್ತವೆ. ಮಳೆಗಾಲದ ತೇವದ ಗಾಳಿ ಈ ಕೆಲಸಕ್ಕೆ ಒಳ್ಳೆಯದೆಂದು ಗುರುಗಳು ಹೇಳುತ್ತಿದ್ದರು, ಅದು ನಿಜ.

ಮೊದಲು ಕಪ್ಪು, ಆಮೇಲೆ ತೆಳುಬಣ್ಣಗಳು, ಕೊನೆಗೆ ಗಾಢಬಣ್ಣಗಳು. ಹಲಗೆಯ ಮೇಲೆ ಬಣ್ಣದ ಜೊತೆಗೆ ಅಕ್ಕಿಯಂಟನ್ನು ಚೂರು ಬೆರೆಸಿ ಕುಂಚದಿಂದ ಹರಡಿ, ಹಾಳೆಯನ್ನು ಇಟ್ಟು, ಬಿದಿರಿನ ಹೊರಪೊರೆಯಿಂದ ಮಾಡಿದ ‘ಬಾರೆನ್’ ಎಂಬ ಒತ್ತುಬಿಲ್ಲೆಯಿಂದ ಹಿಂಬದಿಯನ್ನು ಉಜ್ಜಿದೆ. 1830ರ ಸುಮಾರಿನಿಂದ ಅಲ್ಲಿ ಹೆಚ್ಚಾಗಿ ಬಳಕೆಗೆ ಬಂದ ಪ್ರಷ್ಯನ್ ನೀಲಿಯನ್ನು ಉಡುಪುಗಳಿಗೂ, ಕಬ್ಬಿಣದ ಅಂಶವಿರುವ ಕಾವಿಯನ್ನು ಕವಚದ ಭಾಗಗಳಿಗೂ ಉಪಯೋಗಿಸಿದೆ. ಹಿನ್ನೆಲೆಯ ಬೂದುಬಣ್ಣವನ್ನು ಮೆಲ್ಲನೆ ಮಾಯವಾಗಿಸಲು ಹಲಗೆಯ ಒಂದು ಕಡೆಯನ್ನು ಒದ್ದೆಬಟ್ಟೆಯಿಂದ ಒರೆಸಿ, ಕುಂಚದ ಒಂದು ತುದಿಗೆ ಮಾತ್ರ ಮಸಿ ತಾಗಿಸಿ ಎಳೆಯಬೇಕು. ಒಂದು ಹಾಳೆಯ ಇಳಿತ ಇನ್ನೊಂದರಂತೆ ಬರುವುದಿಲ್ಲ, ಬರಬೇಕೆಂದು ನಾನು ಬಯಸುವುದೂ ಇಲ್ಲ. ಆದರೆ ಮೂರು ಹಾಳೆಗಳನ್ನು ಜೋಡಿಸುವ ಚಿತ್ರದಲ್ಲಿ ಅಂಚಿನ ಬೂದು ಪಕ್ಕದ ಹಾಳೆಯ ಬೂದಿಗೆ ಕೂಡಲೇಬೇಕು. ಎದೋದ ಅಚ್ಚುಗಾರರು ಅದನ್ನು ಪ್ರತಿ ಹಾಳೆಗೂ ಕೈಯಿಂದಲೇ ಸಾಧಿಸಿದ್ದನ್ನು ನೆನೆದರೆ ಗೌರವ ಉಕ್ಕುತ್ತದೆ.

ಮೂಲಚಿತ್ರದಲ್ಲಿ ಕುನಿಯೋಶಿಯ ಅಂಕಿತದ ಜೊತೆಗೆ, ಚಿತ್ರ ಹೊರಬರುವ ಮೊದಲು ಅದನ್ನು ನೋಡಿ ಒಪ್ಪಿಗೆ ಕೊಡುತ್ತಿದ್ದ ಪರೀಕ್ಷಾಧಿಕಾರಿಗಳ ಮುದ್ರೆಗಳೂ ಇರುತ್ತವೆ. 1847ರಿಂದ 1852ರ ಆರಂಭದವರೆಗೆ ಇಬ್ಬರು ಅಧಿಕಾರಿಗಳ ಮುದ್ರೆ ಒಟ್ಟಿಗೆ ಬೀಳುತ್ತಿದ್ದುದರಿಂದ ಚಿತ್ರದ ಕಾಲವನ್ನು ಊಹಿಸಲು ಅವು ನೆರವಾಗುತ್ತವೆ. ನನ್ನ ಹಲಗೆಯಲ್ಲಿ ಆ ಮುದ್ರೆಗಳ ಜಾಗವನ್ನು ಖಾಲಿ ಬಿಟ್ಟು, ಕುನಿಯೋಶಿಯ ಮೂಲದಿಂದ ಕೆತ್ತಿದ ಪ್ರತಿಯೆಂಬ ಮಾತನ್ನೂ ನನ್ನ ಹೆಸರನ್ನೂ ವರ್ಷವನ್ನೂ ಚಿತ್ರದ ಪಕ್ಕದಲ್ಲಿಯೇ ಕಾಣುವಂತೆ ಬರೆದೆ. ಹಳೆಯ ಚಿತ್ರಗಳ ಮಾರುಕಟ್ಟೆಯಲ್ಲಿ ನಕಲನ್ನು ಮೂಲವೆಂದು ಕೊಂಡು ಮೋಸಹೋಗುವವರು ಇರುವುದರಿಂದ, ಪ್ರತಿ ಮಾಡುವ ಯಾರೇ ಆಗಲಿ ಈ ಬರಹವನ್ನು ಹಾಳೆಯಿಂದ ಕತ್ತರಿಸಿ ತೆಗೆಯಲಾಗದ ಕಡೆಯಲ್ಲಿ, ಚಿತ್ರಕ್ಕೆ ಒತ್ತಿಕೊಂಡಂತೆ ಹಾಕಬೇಕು. ಎಡಬಲದ ಎರಡು ಹಾಳೆಗಳಿಗೆ ಬೇಕಾದ ಚೆರ್ರಿ ಹಲಗೆಗಳು ಈಗ ಮನೆಯಲ್ಲಿ ಒಣಗುತ್ತಿವೆ. ಈ ಸಲ ಎಳೆ ಅಡ್ಡಕ್ಕೆ ಬರುವಂತೆ ಕೊಯ್ಯಿಸಿದ್ದೇನೆ, ಆ ಎಳೆಯಲ್ಲಿ ಬಾಣಗಳು ಹೇಗೆ ನಿಲ್ಲುತ್ತವೆ ಎಂಬುದನ್ನು ಕೆತ್ತಿ ನೋಡಬೇಕಾಗಿದೆ.