ಅಡಿಕೆ ದಬ್ಬೆಗೆ ಸಿಕ್ಕಿದ ಮೀನು ಹೇನು

“ದಬ್ಬೆ ಇಳಿಬಿಟ್ರೆ ಹೇನು ಹೋಗ್ತದೇನೋ ಮಾರಾಯಾ?” ಎಂದು ಕೇಳಿದವರೇ ಈಗ ತಮ್ಮ ಮೀನು ಹೊಂಡ ನೋಡಲು ಕರೆಯುತ್ತಿದ್ದಾರೆ. ದಬ್ಬೆಯೆಂದರೆ ಅಡಿಕೆ ಮರ ಸೀಳಿದ ಪಟ್ಟಿ. ಬನವಾಸಿ ಕಡೆಯ ನನ್ನ 10 ಗುಂಟೆ ಹೊಂಡದಲ್ಲಿ ಈ ಸಲ ಹತ್ತಿರಹತ್ತಿರ ಎರಡೂವರೆ ಕ್ವಿಂಟಲ್ ಕಾಟ್ಲಾ, ರೋಹು ಎತ್ತಿದೆ.

3 ವರ್ಷದ ಹಿಂದೆ ಮೀನುಗಳು ಕಲ್ಲಿಗೆ ಮೈ ಉಜ್ಜಲು ಶುರುಮಾಡಿದವು. ಹಿಡಿದು ನೋಡಿದರೆ ರೆಕ್ಕೆಯ ಬುಡದಲ್ಲಿ ಮೆಂತ್ಯಕಾಳಿನಷ್ಟು ಚಪ್ಪಟೆ ಹೇನು. ಉಗುರು ತಾಗಿಸಿದರೆ ಜಾರಿ ಮುಂದೆ ಹೋಗುತ್ತದೆ, ಕೂತಿದ್ದ ಜಾಗದಲ್ಲಿ ಕೆಂಪು ಚುಕ್ಕೆ. ಆ ವರ್ಷ 90 ಕೆಜಿಯೂ ದಾಟಲಿಲ್ಲ. ಗಾಯ ಕಂಡು ಶಿರಸಿ ಪೇಟೆಯಲ್ಲಿ ಅರ್ಧ ದರಕ್ಕೆ ಕೇಳಿದರು.

ಉಪ್ಪುನೀರಲ್ಲಿ ಅದ್ದಿದೆ. ಬಲೆ ಎಳೆದಿದ್ದಕ್ಕೇ 40 ಮೀನು ಸತ್ತವು. ಔಷಧಿಗೆ ಮೂರೂವರೆ ಸಾವಿರ ಸುರಿದೆ. ಹೇನು ಸತ್ತಿತು, ಜೊತೆಗೆ ಕಾಟ್ಲಾ ತಿನ್ನುವ ನೀರಿನ ಸಣ್ಣ ಹುಳುಗಳೂ ಸತ್ತವು. ಮೊಟ್ಟೆ ಮಾತ್ರ ಉಳಿದು, ತಿಂಗಳೊಳಗೆ ಮತ್ತೆ ಅದೇ ಪಾಡು.

ದಾರಿ ಹೊಳೆದದ್ದು ಲ್ಯಾಂಪ್ರೆ ಬಗ್ಗೆ ಓದಿದಾಗ. ಹಾವಿನಂಥ ಮೈ, ದವಡೆಯಿಲ್ಲದ ಗುಂಡು ಬಾಯಿ, ಮೀನಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ನಮ್ಮ ಹೊಳೆಗಳಲ್ಲಿ ಇಲ್ಲ. ಉತ್ತರ ಅಮೆರಿಕದಲ್ಲಿ ವೆಲ್ಯಾಂಡ್ ಕಾಲುವೆ ಹಾದು 1921ರಲ್ಲಿ ಈರಿ ಸರೋವರದಲ್ಲಿ ಕಾಣಿಸಿತು. ಮುಂದೆ ಮೇಲಿನ ಸರೋವರಗಳಿಗೂ ಹರಡಿ, ಅಲ್ಲಿಯ ಟ್ರೌಟ್ ಮೀನುಗಾರಿಕೆ ನೆಲಕಚ್ಚಿತು. ಅವರು ಸರೋವರದಲ್ಲಿ ಅದರ ಬೆನ್ನಟ್ಟಲಿಲ್ಲ. ಅದು ಮೊಟ್ಟೆಯಿಡುವ ತೊರೆಗಳಲ್ಲೇ, ಮರಿ ಕೆಸರಲ್ಲಿರುವಾಗ, 1958ರಿಂದ ಟಿಎಫ್‌ಎಂ ಎಂಬ ಮದ್ದು ಹಾಕಿದರು.

ನಮ್ಮ ಹೇನೂ ಮೊಟ್ಟೆಯಿಡಲು ಮೀನಿನ ಮೈ ಬಿಟ್ಟು ಗಟ್ಟಿ ವಸ್ತು ಹುಡುಕುತ್ತದೆ. ಹೊಂಡದ ಕಲ್ಲು, ಕೊಂಬೆ, ಹಳೇ ಗೂಟ ಎಲ್ಲ ತೆಗೆಸಿದೆ. ಆಳಿಗೆ ಎರಡು ದಿನದ ಕೂಲಿ. ಬದಲಿಗೆ 30 ಅಡಿಕೆ ದಬ್ಬೆ ಇಳಿಬಿಟ್ಟೆ. ವಾರಕ್ಕೆ ತೆಗೆದಾಗ ನುಣುಪು ಮೈಮೇಲೆ ರಾಗಿಗಿಂತ ಸಣ್ಣ ಮೊಟ್ಟೆಗಳು ಸಾಲುಸಾಲಾಗಿ ಅಂಟಿದ್ದವು. ಕೆರೆದು, ಎರಡು ದಿನ ಬಿಸಿಲಿಗೆ ಒಣಗಿಸಿ ಮತ್ತೆ ಇಳಿಸಿದೆ. ವಾರ ತಪ್ಪಿಸಬಾರದು. ಒಮ್ಮೆ ಮದುವೆಗೆಂದು ಹೋಗಿ ಮೂರು ವಾರ ಬಿಟ್ಟಿದ್ದಕ್ಕೆ ಮರಿಯೊಡೆದು ಎಲ್ಲ ಮೊದಲಿನಿಂದ.

ತೊಟ್ಟಿಯಲ್ಲಿ ಹಂಚು, ಪ್ಲಾಸ್ಟಿಕ್ ಪೈಪನ್ನೂ ಇಟ್ಟು ನೋಡಿದೆ. ಹಂಚಿಗೂ ಬರುತ್ತದೆ, ಆದರೆ ಕೆರೆಯುವುದು ತ್ರಾಸು. ದಬ್ಬೆ ಎಷ್ಟು ಆಳಕ್ಕೆ, ಯಾವ ಮೂಲೆಗೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ.

ಐದು ತಿಂಗಳಿಗೆ ಮೊಟ್ಟೆಯ ಸಾಲು ನಿಂತಿತು. ಈಗ ಹೊಸ ಮರಿ ತಂದರೆ ಮೊದಲು 15 ದಿನ ಆ ತೊಟ್ಟಿಯಲ್ಲೇ ಬಿಟ್ಟು, ಒಂದು ದಬ್ಬೆ ಅಲ್ಲೂ ಇಳಿಸುತ್ತೇನೆ.